ಶಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಒಂದು ವಾರ: ಮಾಸಿದ ಬಣ್ಣಗಳ ಬೆನ್ನು ಹತ್ತಿ

ಗುರುವಾರ

ಶಿಕಾಗೋಗೆ ಬಂದವರು ಆರ್ಟ್ ಇನ್‌ಸ್ಟಿಟ್ಯೂಟ್‌ಗೆ ಅಂತ ಅರ್ಧ ದಿನ ಎತ್ತಿಡ್ತಾರೆ, ಸಿಂಹದ ಮುಂದೆ ಒಂದು ಫೋಟೋ, ಒಳಗೆ ನಾಲ್ಕು ಫೇಮಸ್ ಪೇಂಟಿಂಗ್ ಮುಂದೆ ನಾಲ್ಕು ಸೆಲ್ಫಿ, ಆಮೇಲೆ ಬೀನ್ ಅನ್ನೋ ದೊಡ್ಡ ಸ್ಟೀಲ್ ಶಿಲ್ಪ ನೋಡೋಕೆ ಓಟ. ನಾನು ಈ ಸಲ ಅಣ್ಣನ ಮನೇಲಿ ಇರೋ ವಾರ ಪೂರ್ತಿ ಇದೊಂದಕ್ಕೇ ಅಂತ ಮೊದಲೇ ಹೇಳ್ಬಿಟ್ಟಿದ್ದೆ. ಅತ್ತಿಗೆಗೆ ನಗು, ಅಷ್ಟು ದೂರದಿಂದ ಬಂದು ನಯಾಗರಾಗೂ ಹೋಗಲ್ವಾ ಅಂತ. ಹೋಗಲ್ಲ.

ಸೆಪ್ಟೆಂಬರ್ 11, 2025ರ ಗುರುವಾರದಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಮಂಗಳವಾರ, ಬುಧವಾರ ಈ ಮ್ಯೂಸಿಯಂ ಬಂದ್, ಗುರುವಾರ ಮಾತ್ರ ರಾತ್ರಿ 8ರವರೆಗೆ ತೆರೆದಿರತ್ತೆ. ಮೆಂಬರ್‌ಶಿಪ್ ತಗೊಂಡೆ. ದಿನಾ ಟಿಕೆಟ್ ತಗೊಳ್ಳೋದಕ್ಕಿಂತ ಅದೇ ವಾಸಿ, ಮೇಲಾಗಿ ಬೆಳಿಗ್ಗೆ 10ರಿಂದ 11ರವರೆಗೆ ಮೆಂಬರ್‌ಗಳನ್ನ ಮಾತ್ರ ಒಳಗೆ ಬಿಡ್ತಾರೆ, ಆ ಒಂದು ಗಂಟೆ ಇದ್ಯಲ್ಲ, ಅದಕ್ಕೇ ಅರ್ಧ ದುಡ್ಡು ಕೊಡಬಹುದು. ಅಣ್ಣನ ಮನೆ ಇರೋ ನೇಪರ್‌ವಿಲ್‌ನಿಂದ ಮೆಟ್ರಾ ಟ್ರೇನಲ್ಲಿ ಯೂನಿಯನ್ ಸ್ಟೇಷನ್, ಅಲ್ಲಿಂದ ಆಡಮ್ಸ್ ಸ್ಟ್ರೀಟ್ ಹಿಡಿದು ಎಲ್ಲೂ ತಿರುಗದೆ ನೇರ ನಡೆದ್ರೆ ರಸ್ತೆ ಮುಗಿಯೋದೇ ಮ್ಯೂಸಿಯಂ ಬಾಗಿಲಲ್ಲಿ.

ಬಾಗಿಲ ಎರಡೂ ಕಡೆ ಕಂಚಿನ ಸಿಂಹಗಳು, ಎಡ್ವರ್ಡ್ ಕೆಮಿಸ್ ಮಾಡಿದ್ದು, 1894ರಿಂದ ಅಲ್ಲೇ ನಿಂತಿವೆ. ದೂರದಿಂದ ಜೋಡಿ ಅನ್ಸತ್ತೆ, ಹತ್ರ ಹೋದ್ರೆ ಎರಡರ ನಿಲುವೂ ಬೇರೆ, ಒಂದು ಎದೆ ಸೆಟೆಸಿ ಸವಾಲು ಹಾಕ್ತಿದೆ, ಇನ್ನೊಂದು ಬೇಟೆಗೆ ಹೊಂಚು ಹಾಕ್ತಿದೆ. ಊರಿನ ಟೀಮು ದೊಡ್ಡ ಮ್ಯಾಚ್ ಗೆಲ್ಲೋ ಹಂತಕ್ಕೆ ಬಂದ್ರೆ ಇವಕ್ಕೂ ಹೆಲ್ಮೆಟ್ ಹಾಕ್ತಾರಂತೆ. ಮೈಯೆಲ್ಲ ಹಸಿರು ಪಾಚಿ ಬಣ್ಣ, ಕಂಚು ಗಾಳಿ ಮಳೆಗೆ ಹಾಗೆ ತಿರುಗಿದ್ದು, ಹೊಸದಿದ್ದಾಗ ಹೀಗಿರೋಕೆ ಸಾಧ್ಯವಿಲ್ಲ. ಆ ಯೋಚನೆ ತಲೇಲಿ ಹೊಕ್ಕಿದ್ದು ಅಲ್ಲೇ ಅನ್ಸತ್ತೆ, ಆಮೇಲೆ ವಾರವೆಲ್ಲ ಬಿಡ್ಲಿಲ್ಲ.

ಸೆಪ್ಟೆಂಬರ್ 11 ಅಂದ್ರೆ ನಮ್ಮವರಿಗೆ ಇನ್ನೊಂದು ನೆನಪೂ ಇದೆ. 1893ರ ಇದೇ ತಾರೀಕು, ಇದೇ ಕಟ್ಟಡದಲ್ಲಿ, ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ಎದ್ದು ನಿಂತು 'ಅಮೆರಿಕದ ಸಹೋದರಿಯರೇ, ಸಹೋದರರೇ' ಅಂದಿದ್ದು. ಕಟ್ಟಡ ಆಗಿನ್ನೂ ಹೊಚ್ಚ ಹೊಸದು, ಕೊಲಂಬಿಯನ್ ಎಕ್ಸ್‌ಪೊಸಿಶನ್ ಅನ್ನೋ ವಿಶ್ವ ಮೇಳದ ವರ್ಷ, ಪೇಂಟಿಂಗ್‌ಗಳು ಬರೋ ಮೊದಲು ಭಾಷಣಕಾರರು ಬಂದಿದ್ರು. ಮುಂದಿನ ಮಿಶಿಗನ್ ಅವೆನ್ಯೂದ ಒಂದು ತುಂಡಿಗೆ 1995ರಲ್ಲಿ ಸ್ವಾಮಿ ವಿವೇಕಾನಂದ ವೇ ಅಂತ ಗೌರವದ ಹೆಸರೂ ಇಟ್ಟಿದ್ದಾರೆ. ಬಂದ ಭಾರತೀಯರೆಲ್ಲ ಫುಲರ್ಟನ್ ಹಾಲ್ ಎಲ್ಲಿ ಅಂತ ಕೇಳ್ತಾರೆ, ನಾನೂ ಹೋದೆ, ಚಂದದ ಹಾಲು, ಮೇಲೆ ಟಿಫನಿ ಗಾಜಿನ ಗುಮ್ಮಟ, ಆದ್ರೆ ಅದು ಕಟ್ಟಿದ್ದು 1898ರಲ್ಲಿ. ಸಮ್ಮೇಳನ ನಡೆದಿದ್ದು ಆಗ ತಾತ್ಕಾಲಿಕವಾಗಿ ಎಬ್ಬಿಸಿದ್ದ ಹಾಲ್ ಆಫ್ ಕೊಲಂಬಸ್‌ನಲ್ಲಿ, ಅದು ಈಗಿಲ್ಲ. ಹಾಲ್ ಇದೇ ಅಂತ ಹೇಳಿ ಕೈ ಮುಗಿಯೋರನ್ನ ನೋಡಿದೆ, ತಿದ್ದೋಕೆ ಹೋಗ್ಲಿಲ್ಲ, ಜಾಗ ಅಂತೂ ಇದೇ ತಾನೇ.

ನನಗೆ ಆ ಹಾಲಿಗಿಂತ ಮುಂದಿನ ದೊಡ್ಡ ಮೆಟ್ಟಿಲು ಹೆಚ್ಚು ಹಿಡಿಸ್ತು. 2010ರಲ್ಲಿ, ಅದೂ ಸೆಪ್ಟೆಂಬರ್ 11ರಂದೇ, ಮುಂಬೈನ ಕಲಾವಿದ ಜಿತೀಶ್ ಕಲ್ಲಟ್ ಈ ಮೆಟ್ಟಿಲುಗಳ 118 ಏಣುಗಳ ಮೇಲೆ ಆ ಭಾಷಣದ ಪದಗಳನ್ನೆಲ್ಲ ಎಲ್‌ಇಡಿ ದೀಪದಲ್ಲಿ ಬರೆದಿದ್ರು, ಪಬ್ಲಿಕ್ ನೋಟಿಸ್ 3 ಅಂತ ಹೆಸರು. ದೀಪಗಳಿಗೆ ಬಳಸಿದ್ದು ಐದೇ ಬಣ್ಣ, ಕೆಂಪು, ಕಿತ್ತಳೆ, ಹಳದಿ, ನೀಲಿ, ಹಸಿರು. ಅವು ಅಮೆರಿಕ ಸರ್ಕಾರ 2001ರ ದಾಳಿ ಆದ್ಮೇಲೆ ಭಯೋತ್ಪಾದನೆಯ ಅಪಾಯದ ಮಟ್ಟ ತೋರಿಸೋಕೆ ಇಟ್ಕೊಂಡಿದ್ದ ಬಣ್ಣಗಳು. ಮತಾಂಧತೆ ಸಾಯಲಿ ಅಂತ 108 ವರ್ಷ ಮುಂಚೆ ಅದೇ ತಾರೀಕಿಗೆ ಹೇಳಿದ ಮಾತು, ಅದಕ್ಕೆ ಈ ಬಣ್ಣ. ಇಂಥ ಐಡಿಯಾ ಹೊಳೆದ್ರೆ ನಾನಾದ್ರೆ ಒಂದು ತಿಂಗಳು ನಿದ್ದೆ ಮಾಡ್ತಿರ್ಲಿಲ್ಲ. ನಾನು ಹತ್ತಿದಾಗ ಬರೀ ಕಲ್ಲು ಮೆಟ್ಟಿಲು, ಸ್ಕೂಲ್ ಮಕ್ಕಳು ಕೂತು ಶೂ ಲೇಸ್ ಕಟ್ಕೋತಿದ್ರು.

ಸಂಜೆ ಅಮೆರಿಕನ್ ಗ್ಯಾಲರಿಯಲ್ಲಿ ಒಂದು ಗ್ಯಾಲರಿ ಟಾಕ್ ಇತ್ತು, ನಿಂತ್ಕೊಂಡೇ ಕೇಳೋದು. ಎಡ್ವರ್ಡ್ ಹಾಪರ್‌ನ ನೈಟ್‌ಹಾಕ್ಸ್, 1942. ಮಾತಾಡಿದವರು ಏನೂ ಹೇಳದೆ ಮೊದಲು ಐದು ನಿಮಿಷ ಸುಮ್ನೆ ನೋಡಿ ಅಂದ್ರು, ಆಮೇಲೆ ಈ ಅಂಗಡಿ ಒಳಗೆ ಹೋಗೋದು ಹೇಗೆ ಅಂತ ಕೇಳಿದ್ರು. ಎಲ್ಲರೂ ಹುಡುಕಿದ್ವಿ, ಬೀದಿಗೆ ತೆರೆಯೋ ಬಾಗಿಲೇ ಇಲ್ಲ! ನೂರು ಸಲ ಪೋಸ್ಟರ್‌ನಲ್ಲಿ ನೋಡಿದ್ದ ಚಿತ್ರ. ಚಿತ್ರದಲ್ಲಿರೋ ಕೆಂಪು ಡ್ರೆಸ್ ಹೆಂಗಸಿಗೆ ಮಾಡೆಲ್ ಆಗಿದ್ದು ಹಾಪರ್‌ನ ಹೆಂಡತಿ ಜೋ. ಬರೆದ ವರ್ಷವೇ ಮ್ಯೂಸಿಯಂ ಇದನ್ನ 3000 ಡಾಲರ್‌ಗೆ ತಗೊಂಡಿತ್ತಂತೆ.

ಅದರ ಪಕ್ಕದ ರೂಮಲ್ಲೇ ಅಮೆರಿಕನ್ ಗಾಥಿಕ್, ಗ್ರಾಂಟ್ ವುಡ್, 1930. ಗಂಡ ಹೆಂಡ್ತಿ ಅಂತಲೇ ಎಲ್ಲರೂ ಅಂದ್ಕೊಳ್ಳೋದು, ಚಿತ್ರಕಾರನ ಮನಸ್ಸಲ್ಲಿ ಇದ್ದಿದ್ದು ರೈತ ಮತ್ತು ಮಗಳು, ನಿಂತಿದ್ದು ಅವನ ತಂಗಿ ಮತ್ತು ಅವನ ಹಲ್ಲಿನ ಡಾಕ್ಟ್ರು. ಆ ಡಾಕ್ಟ್ರ ಮುಖ ನೋಡಿದ್ರೆ ಯಾರೂ ಬಾಯಿ ತೆರೆಯಲ್ಲ. ಕೈಲಿರೋ ಕವಲುಗೋಲಿನ ಆಕಾರ ಅವನ ಮೇಲಂಗಿಯ ಹೊಲಿಗೆಯಲ್ಲೂ ಇದೆ, ಅದನ್ನ ತೋರಿಸಿದ್ಮೇಲೆ ನೋಡದೇ ಇರೋಕೆ ಆಗಲ್ಲ. ಇಲ್ಲಿ ನಡೆದ ಸ್ಪರ್ಧೆಗೆ ಬಂದು 300 ಡಾಲರ್ ಬಹುಮಾನ ಗೆದ್ದು ಇಲ್ಲೇ ಉಳ್ಕೊಂಡ ಚಿತ್ರ ಅದು.

ಶುಕ್ರವಾರ

ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಒಳಗಿದ್ದೆ, ಯಾಕಂದ್ರೆ ಸೂರಾ ಗ್ಯಾಲರಿ ಖಾಲಿ ಸಿಗಬೇಕಿತ್ತು. ಸಿಕ್ತು. ಜಾರ್ಜ್ ಸೂರಾನ ಗ್ರಾಂದ್ ಜಾತ್, 1884ರಿಂದ 86, ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರ, ಪ್ಯಾರಿಸ್ ಪಕ್ಕದ ದ್ವೀಪದಲ್ಲಿ ಒಂದು ಭಾನುವಾರ, ಎಲ್ಲಾ ಚುಕ್ಕಿ ಚುಕ್ಕಿ. ಬಣ್ಣ ಪ್ಯಾಲೆಟ್ ಮೇಲೆ ಕಲಸೋ ಬದಲು ಪಕ್ಕಪಕ್ಕ ಚುಕ್ಕಿ ಇಟ್ರೆ ಕಣ್ಣೇ ಕಲಸ್ಕೊಳ್ಳತ್ತೆ ಅನ್ನೋದು ಅವನ ನಂಬಿಕೆ. ಹತ್ತಿರ ಹೋಗಿ, ದೂರ ಬಂದು, ಮತ್ತೆ ಹತ್ತಿರ ಹೋಗಿ, ಗಾರ್ಡ್ ನನ್ನನ್ನ ಒಂಥರಾ ನೋಡೋಕೆ ಶುರು ಮಾಡಿದ್ರು. ಬಲಗಡೆ ಹೆಂಗಸಿನ ಕೈಲಿ ಹಗ್ಗ, ಹಗ್ಗದ ತುದೀಲಿ ಕೋತಿ.

ಹುಲ್ಲು ನೋಡ್ತಾ ನೋಡ್ತಾ ಬಿಸಿಲು ಬಿದ್ದ ಜಾಗದಲ್ಲಿ ಕಂದು ಕಂದು ಚುಕ್ಕಿಗಳು ಕಂಡ್ವು. ಬಿಸಿಲಿಗೆ ಕಂದು ಬಣ್ಣ ಯಾಕೆ ಇಡ್ತಾನೆ? ಇಟ್ಟಿರ್ಲಿಲ್ಲ. ಸೂರಾ ಆಗ ಹೊಸದಾಗಿ ಬಂದಿದ್ದ ಝಿಂಕ್ ಯೆಲ್ಲೋ ಅನ್ನೋ ಬಣ್ಣ ಬಳಸಿದ್ದ, ಅದು ಕೆಲವೇ ವರ್ಷಗಳಲ್ಲಿ ಮಾಸಿ ಕಂದಿಗೆ ತಿರುಗ್ತು. ಅಂದ್ರೆ ನಾನು ನೋಡ್ತಿರೋ ಹುಲ್ಲು ಅವನು ಬಿಡಿಸಿದ ಹುಲ್ಲಲ್ಲ, ಅದರ ಮೇಲೆ ಸುಮಾರು 140 ವರ್ಷ ಕೂತಿದೆ. ಬಣ್ಣದ ವಿಜ್ಞಾನ ಓದ್ಕೊಂಡು ಚಿತ್ರ ಮಾಡಿದವನಿಗೆ ಬಣ್ಣವೇ ಕೈ ಕೊಟ್ಟಿದ್ದು ನೋಡಿ. ಈ ಚಿತ್ರ ಈಗ ಎಲ್ಲಿಗೂ ಹೋಗಲ್ಲ. 1958ರಲ್ಲಿ ಒಂದು ಸಲ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂಗೆ ಸಾಲ ಕೊಟ್ಟಿದ್ರು, ಅಲ್ಲಿ ಬೆಂಕಿ ಬಿದ್ದು ಒಬ್ಬರು ಸತ್ರು, ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯ ಒಂದು ದೊಡ್ಡ ವಾಟರ್ ಲಿಲೀಸ್ ಸುಟ್ಟೋಯ್ತು, ಇದನ್ನ ಹೇಗೋ ಹೊರಗೆ ಸಾಗಿಸಿದ್ರು. ಅಲ್ಲಿಗೆ ಸಾಕಪ್ಪ ಅಂದ್ರು.

ಪಕ್ಕದ ರೂಮಲ್ಲಿ ವ್ಯಾನ್ ಗೋನ ಬೆಡ್‌ರೂಮ್, ಮೂರು ಸಲ ಬರೆದದ್ದರಲ್ಲಿ ಇದು ಎರಡನೇದು, 1889. ತಿಳಿ ನೀಲಿ ಗೋಡೆ, ಹಳದಿ ಮಂಚ, ಎಷ್ಟು ತಂಪು ಅನ್ಸತ್ತೆ. ಆದ್ರೆ ಗೋಡೆ ತಿಳಿ ನೇರಳೆ ಅಂತ ಅವನೇ ತಮ್ಮನಿಗೆ ಕಾಗದ ಬರೆದಿದ್ದಾನೆ! ನೇರಳೆ ಮಾಡೋಕೆ ಸೇರಿಸಿದ್ದ ಕೆಂಪು ಬಣ್ಣ ಬೆಳಕಿಗೆ ಹೊರಟೋಯ್ತು, ನೀಲಿ ಮಾತ್ರ ಉಳೀತು. ನಾವು ಮಗ್ ಮೇಲೆ, ಫೋನ್ ಕವರ್ ಮೇಲೆ ಹಾಕ್ಕೊಂಡು ತಿರುಗ್ತಿರೋದು ಆ ಉಳಿದ ನೀಲಿ. 2016ರಲ್ಲಿ ಇಲ್ಲಿ ಮೂರೂ ಬೆಡ್‌ರೂಮ್‌ಗಳನ್ನ ಒಟ್ಟಿಗೆ ತಂದು ಪ್ರದರ್ಶನ ಮಾಡಿದ್ರು, ಜೊತೆಗೆ ಊರಲ್ಲಿ ಅದೇ ಥರದ ಒಂದು ನಿಜವಾದ ರೂಮ್ ಕಟ್ಟಿ ರಾತ್ರಿಗೆ 10 ಡಾಲರ್‌ಗೆ ಏರ್‌ಬಿಎನ್‌ಬಿಯಲ್ಲಿ ಬಾಡಿಗೆಗೂ ಕೊಟ್ಟಿದ್ರು. ಆಗ ಶಿಕಾಗೋಲಿ ಇದ್ದಿದ್ರೆ ನಾನೂ ಕ್ಯೂ ನಿಲ್ತಿದ್ದೆ.

ಮೊನೆಯ ಹುಲ್ಲು ಮೆದೆಗಳು, ಒಂದೇ ಸೀರೀಸಿನ ಆರು ಚಿತ್ರ ಇವರ ಹತ್ರ ಇವೆ. ಮೆದೆ ಅದೇ, ಬೆಳಕು ಬೇರೆ. ಇದ್ರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡ್ತೀನಿ.

ಮಧ್ಯಾಹ್ನ ರೀಜೆನ್‌ಸ್ಟೈನ್ ಹಾಲಲ್ಲಿ ಗುಸ್ತಾವ್ ಕಾಯ್‌ಬಾಟ್ ಪ್ರದರ್ಶನ. ವಾರದಲ್ಲಿ ನನಗೆ ಅತಿ ಇಷ್ಟವಾಗಿದ್ದು ಇದೇ. ಜೂನ್ ಕೊನೆಯಿಂದ ಅಕ್ಟೋಬರ್ 5ರವರೆಗೆ ಇತ್ತು. ಪ್ಯಾರಿಸ್‌ನ ಓರ್ಸೇ, ಲಾಸ್ ಏಂಜಲಿಸ್‌ನ ಗೆಟ್ಟಿ, ಈ ಮ್ಯೂಸಿಯಂ, ಮೂವರೂ ಸೇರಿ ಮಾಡಿದ್ದು. ಅಲ್ಲೆರಡು ಕಡೆ ಅವನು ಗಂಡಸರನ್ನ ಬರೆದ ರೀತಿಯ ಮೇಲೆ ಒತ್ತು ಕೊಟ್ಟು ಹೆಸರಿಟ್ಟಿದ್ರು, ಶಿಕಾಗೋಗೆ ಬರೋವಾಗ ಹೆಸರು 'ಪೇಂಟಿಂಗ್ ಹಿಸ್ ವರ್ಲ್ಡ್' ಅಂತಾಯ್ತು, ಅದ್ರ ಬಗ್ಗೆ ಪೇಪರ್‌ಗಳಲ್ಲಿ ಸಾಕಷ್ಟು ಚರ್ಚೆ ಆಯ್ತು. ನನಗೆ ಹಳೇ ಹೆಸರೇ ಸರಿ ಅನ್ಸತ್ತೆ. ಒಳಗೆ ಹೋದ್ರೆ ಗೋಡೆ ತುಂಬ ಗಂಡಸರೇ, ಕಿಟಕೀಲಿ ನಿಂತವರು, ದೋಣಿ ಹುಟ್ಟು ಹಾಕೋರು, ಇಸ್ಪೀಟ್ ಆಡೋರು, ಸ್ನಾನ ಮುಗಿಸಿ ಮೈ ಒರೆಸ್ಕೊಳ್ಳೋನು. ಕಣ್ಣಿಗೆ ಹೊಡೆಯೋ ಹಾಗೆ ಕಾಣೋದನ್ನ ಹೆಸರಲ್ಲಿ ಯಾಕೆ ಮೆತ್ತಗೆ ಮಾಡ್ಬೇಕು.

ಫ್ಲೋರ್ ಸ್ಕ್ರೇಪರ್ಸ್ ಅಂತ 1875ರ ಚಿತ್ರ, ಅಂಗಿ ಬಿಚ್ಚಿದ ಮೂವರು ಕೂಲಿಗಳು ಮಂಡಿಯೂರಿ ಮರದ ನೆಲ ಹೆರೀತಿದ್ದಾರೆ, ಕಿಟಕಿ ಬೆಳಕು ಬೆನ್ನ ಮೇಲೆ ಬಿದ್ದಿದೆ, ಪಕ್ಕದಲ್ಲಿ ವೈನ್ ಬಾಟ್ಲಿ. ಪ್ಯಾರಿಸ್ ಸಲೋನ್ ಅನ್ನೋ ಅಧಿಕೃತ ಕಲಾ ಪ್ರದರ್ಶನದವರು ಇದನ್ನ ತಿರಸ್ಕರಿಸಿದ್ರು. ರೈತ ಹೊಲದಲ್ಲಿ ದುಡಿಯೋದನ್ನ ಬರೆದ್ರೆ ಓಕೆ, ಊರೊಳಗಿನ ಕೂಲಿ ನಿಮ್ಮ ಮನೆ ನೆಲ ಹೆರೆಯೋದನ್ನ ಬರೆದ್ರೆ ಆಗ್ಲಿಲ್ಲ. ಕಾಯ್‌ಬಾಟ್ ದುಡ್ಡಿದ್ದವನು, ಗೆಳೆಯರಾದ ಮೊನೆ, ರೆನ್ವಾ, ಪಿಸಾರೋ ಚಿತ್ರಗಳನ್ನ ಯಾರೂ ಕೊಳ್ಳದಿದ್ದಾಗ ತಾನೇ ಕೊಂಡವನು, ಸಾಯೋವಾಗ ಎಲ್ಲಾ ಸರ್ಕಾರಕ್ಕೆ ಬರೆದಿಟ್ರೆ ಸರ್ಕಾರ ಕೆಲವನ್ನ ಬೇಡ ಅಂದಿತ್ತು. ಸತ್ತಾಗ ಅವನಿಗೆ ಐವತ್ತೂ ಆಗಿರ್ಲಿಲ್ಲ.

ಕೊನೆಗೆ ಈ ಮ್ಯೂಸಿಯಂನದ್ದೇ ಆದ ಪ್ಯಾರಿಸ್ ಸ್ಟ್ರೀಟ್; ರೈನಿ ಡೇ, 1877. ಮನುಷ್ಯರು ಹೆಚ್ಚು ಕಮ್ಮಿ ನಮ್ಮಷ್ಟೇ ದೊಡ್ಡವರು, ಛತ್ರಿ ಹಿಡಿದು ನಮ್ಮ ಮೇಲೇ ನಡ್ಕೊಂಡು ಬರ್ತಿದ್ದಾರೆ, ಬಲಗಡೆಯವನನ್ನ ಫ್ರೇಮ್ ಅರ್ಧಕ್ಕೆ ಕತ್ತರಿಸಿದೆ, ಮಧ್ಯೆ ಹಸಿರು ದೀಪದ ಕಂಬ. ಎಷ್ಟೋ ಹೊತ್ತು ಕೂತು ನೋಡಿದ್ಮೇಲೆ ಹೊಳೀತು, ಒಂದೇ ಒಂದು ಮಳೆ ಹನಿ ಇಲ್ಲ ಚಿತ್ರದಲ್ಲಿ! ಒದ್ದೆ ಕಲ್ಲು, ಛತ್ರಿ, ಬೂದು ಬೆಳಕು, ಅಷ್ಟರಲ್ಲೇ ಮಳೆ ಬರಿಸ್ಬಿಟ್ಟಿದ್ದಾನೆ. ಇದೂ ಬಹಳ ವರ್ಷ ಹಳದಿಯಾಗಿ ಕಾಣ್ತಿತ್ತಂತೆ, ಹತ್ತು ಹನ್ನೆರಡು ವರ್ಷದ ಹಿಂದೆ ಹಳೇ ವಾರ್ನಿಶ್ ತೆಗೆದು ಶುಚಿ ಮಾಡಿದ್ಮೇಲೆ ಆಕಾಶಕ್ಕೆ ಜೀವ ಬಂದಿದೆ. ಸೂರಾನದ್ದು ಮಾಸಿದ್ದು ಬಣ್ಣದ ಒಳಗೇ, ಅದನ್ನ ಯಾರೂ ತೊಳೆಯೋಕಾಗಲ್ಲ, ಇಲ್ಲಿ ಮೇಲಿನ ಪದರ ಮಾತ್ರ. ಅದೃಷ್ಟ ಎಲ್ಲರಿಗೂ ಒಂದೇ ಥರ ಇರಲ್ಲ.

ಶನಿವಾರ

ಅಣ್ಣನ ಮಗ ಬರ್ತೀನಿ ಅಂದ. ಏಳನೇ ಕ್ಲಾಸು, ಪೇಂಟಿಂಗ್ ಅಂದ್ರೆ ಆಕಳಿಕೆ. ಅವನಿಗಾಗಿ ಪ್ಲಾನ್ ಬದಲಾಯ್ತು, ಮೊದಲು ಯುದ್ಧ ಕವಚಗಳ ಗ್ಯಾಲರಿ, ಕುದುರೆಗೂ ಕಬ್ಬಿಣದ ಅಂಗಿ, ಅವನಿಗೆ ಖುಷಿಯೋ ಖುಷಿ. ಆಮೇಲೆ ಕೆಳಗಡೆ ಥಾರ್ನ್ ಮಿನಿಯೇಚರ್ ರೂಮ್ಸ್, 68 ಪುಟಾಣಿ ರೂಮುಗಳು, ಒಂದು ಅಡಿಗೆ ಒಂದು ಇಂಚಿನ ಲೆಕ್ಕ. ನಾರ್ಸಿಸಾ ಥಾರ್ನ್ ಅನ್ನೋ ಶ್ರೀಮಂತ ಹೆಂಗಸು 1930ರ ದಶಕದಲ್ಲಿ ಕುಶಲಕರ್ಮಿಗಳನ್ನ ಇಟ್ಕೊಂಡು ಮಾಡಿಸಿದ್ದು, ಆರ್ಥಿಕ ಕುಸಿತದ ಕಾಲ, ಕೈಕೆಲಸದವರಿಗೆ ಬೇರೆ ಕೆಲಸ ಎಲ್ಲಿತ್ತು. ಯುರೋಪಿನ, ಅಮೆರಿಕದ ಹಳೇ ಮನೆಗಳ ಒಳಾಂಗಣ, ಉಗುರಿನಷ್ಟು ಪುಸ್ತಕ, ಕಿಟಕಿ ಆಚೆ ತೋಟ. ನಾನು ಪಿಂಗಾಣಿ ನೋಡ್ತಿದ್ರೆ ಹುಡುಗ ನೋಡಿದ್ದು ಬೆಳಕನ್ನ, 'ಪ್ರತಿ ರೂಮಲ್ಲೂ ಟೈಮ್ ಬೇರೆ' ಅಂದ, ನಿಜ, ಒಂದ್ರಲ್ಲಿ ಬೆಳಗಿನ ಬೆಳಕು, ಇನ್ನೊಂದ್ರಲ್ಲಿ ಸಂಜೆ ಬೆಳಕು ಬರೋ ಹಾಗೆ ಹಿಂದೆ ದೀಪ ಇಟ್ಟಿದ್ದಾರೆ. ಮೊನೆ ಗ್ಯಾಲರೀಲಿ ನಿಲ್ಲದ ಹುಡುಗ ಇಲ್ಲಿ ಅದೇ ಪಾಠ ಕಲಿತ.

ರಯಾನ್ ಲರ್ನಿಂಗ್ ಸೆಂಟರ್‌ನಲ್ಲಿ ಮಕ್ಕಳಿಗೆ ಏನೋ ಅಂಟಿಸೋ, ಕತ್ತರಿಸೋ ಕಾರ್ಯಕ್ರಮ ನಡೀತಿತ್ತು, ಅವನನ್ನ ಅಲ್ಲಿ ಬಿಟ್ಟು ನಾನು ಪಕ್ಕದಲ್ಲಿ ಕಾಫಿ ಕುಡ್ದೆ. ಶನಿವಾರ ಜನವೋ ಜನ, ಅದನ್ನ ಬೇರೆ ಹೇಳ್ಬೇಕಾಗಿಲ್ಲ.

ವಾಪಸ್ ಹೊರಡೋ ಮುಂಚೆ ಜಪಾನಿ ವಿಭಾಗದ ಆಂಡೋ ಗ್ಯಾಲರಿ. ತದಾವೋ ಆಂಡೋ 1992ರಲ್ಲಿ ಮಾಡಿದ ರೂಮ್, ಬಾಗಿಲು ತೆರೆದ ತಕ್ಷಣ ಕತ್ತಲು, ಮುಂದೆ 16 ಮರದ ಕಂಬಗಳು, ಯಾವುದೂ ಏನನ್ನೂ ಹೊತ್ತಿಲ್ಲ, ಸುಮ್ನೆ ನಿಂತಿವೆ. ಮೂಡಬಿದಿರೆಯ ಸಾವಿರ ಕಂಬದ ಬಸದಿ ಒಳಗೆ ಕಣ್ಣು ಕತ್ತಲಿಗೆ ಹೊಂದ್ಕೊಳ್ಳೋವರೆಗೆ ನಿಲ್ತೀವಲ್ಲ, ಥೇಟ್ ಹಾಗೇ. ಕಂಬಗಳ ಸಂದಿಯಿಂದ ದೂರದಲ್ಲಿ ಮಡಚೋ ಪರದೆಗಳು, ಮಡಿಕೆ ಕುಡಿಕೆಗಳು ಕಾಣತ್ವೆ. ಇಲ್ಲಿ ಹುಡುಗನೂ ತಾನಾಗೇ ದನಿ ತಗ್ಗಿಸಿದ. ಹೊಕುಸಾಯಿಯ ದೊಡ್ಡ ಅಲೆ ಎಲ್ಲಿ ಅಂತ ಕೇಳ್ದ, ಫೋನಲ್ಲಿ ಇಮೋಜಿಯಾಗಿ ನೋಡಿದ್ದ. ಈ ಮ್ಯೂಸಿಯಂ ಹತ್ರ ಅದರ ಮೂರು ಪ್ರತಿ ಇವೆ, ಆದ್ರೆ ಕಾಗದದ ಮೇಲಿನ ಅಚ್ಚಿಗೆ ಬೆಳಕೇ ಶತ್ರು, ಸ್ವಲ್ಪ ದಿನ ತೋರಿಸಿ ಆಮೇಲೆ ವರ್ಷಗಟ್ಟಲೆ ಕತ್ತಲಲ್ಲಿ ಮಲಗಿಸ್ತಾರೆ. ಅವನಿಗೆ ಬೇಜಾರಾಯ್ತು. ಬೆಡ್‌ರೂಮಿನ ನೇರಳೆ ಕಥೆ ಹೇಳಿದೆ, ಅರ್ಧ ಸಮಾಧಾನ ಆದ ಹಾಗೆ ಕಾಣಿಸ್ತು.

ಭಾನುವಾರ

ಆಲ್ಸ್‌ಡಾರ್ಫ್ ಗ್ಯಾಲರಿ, ಭಾರತ, ಆಗ್ನೇಯ ಏಷ್ಯಾ, ಹಿಮಾಲಯದ ಕಲೆ. ಇದು ಇರೋದು ಕಟ್ಟಡದ ಎರಡು ಭಾಗಗಳನ್ನ ಸೇರಿಸೋ ಸೇತುವೆಯಂಥ ಹಾಲಲ್ಲಿ, ಅದರ ಕೆಳಗೆ ರೈಲು ಹಳಿಗಳು ಹಾದು ಹೋಗತ್ವೆ. ರೈಲಿನ ಮೇಲೆ ಬುದ್ಧ ಕೂತಿದ್ದಾನೆ, ನಾಗಪಟ್ಟಣಂನ ಕಪ್ಪು ಕಲ್ಲಿನ ಬುದ್ಧ, ಚೋಳರ ಕಾಲ, ಸುಮಾರು 12ನೇ ಶತಮಾನ. ತಮಿಳುನಾಡಲ್ಲಿ ಬುದ್ಧನಾ ಅಂತ ಪಕ್ಕದಲ್ಲಿದ್ದ ಒಬ್ಬರು ಕೇಳಿದ್ರು, ಹೌದು, ಆ ಬಂದರಲ್ಲಿ ರಾಜರಾಜ ಚೋಳನ ಕಾಲದಲ್ಲೇ ಸುಮಾತ್ರಾ ಕಡೆಯ ಶ್ರೀವಿಜಯದ ರಾಜ ಬೌದ್ಧ ವಿಹಾರ ಕಟ್ಟಿಸಿದ್ದ, ವ್ಯಾಪಾರಿಗಳು ಸಮುದ್ರ ದಾಟಿ ಬಂದಿಳಿಯೋ ಜಾಗ ಅದು. ಅಂಗೈ ಮೇಲೆ ಅಂಗೈ ಇಟ್ಟು ಧ್ಯಾನಮುದ್ರೆ, ಆಳೆತ್ತರದ ಹತ್ತಿರ, ನೆತ್ತಿ ಮೇಲೆ ಜ್ವಾಲೆ. ಅಲ್ಲೇ ಒಂದು ಚೋಳರ ನಟರಾಜನೂ ಇದಾನೆ, ಕಂಚು.

ಇಂಥ ಗ್ಯಾಲರಿಗಳಲ್ಲಿ ನನಗೆ ಎರಡು ಮನಸ್ಸು. ಚಂದ ಇಟ್ಟಿದ್ದಾರೆ, ಬೆಳಕು ಚಂದ, ಸುತ್ತ ತಿರುಗಿ ಬೆನ್ನೂ ನೋಡಬಹುದು, ನಮ್ಮಲ್ಲಿ ಗರ್ಭಗುಡೀಲಿ ದೇವರ ಬೆನ್ನು ಯಾರು ನೋಡ್ತಾರೆ. ಆದ್ರೆ ಇಲ್ಲಿಗೆ ಹೇಗೆ ಬಂತು ಅನ್ನೋ ಪ್ರಶ್ನೆ ಬಿಡಲ್ಲ. 2025ರ ಮಾರ್ಚಲ್ಲೇ ಈ ಮ್ಯೂಸಿಯಂ ಮುಚಲಿಂದ ನಾಗನ ಹೆಡೆ ಕೆಳಗೆ ಕೂತಿರೋ 12ನೇ ಶತಮಾನದ ಒಂದು ಬುದ್ಧನ ಶಿಲ್ಪವನ್ನ ನೇಪಾಳಕ್ಕೆ ವಾಪಸ್ ಕೊಡ್ತು, ಕಾಠ್ಮಂಡು ಕಣಿವೆಯಿಂದ ಕಳುವಾಗಿದ್ದು ಅಂತ ಅವರೇ ಹುಡುಕಿ ಒಪ್ಕೊಂಡ್ರು. ಪ್ರತಿ ಲೇಬಲ್ ಕೆಳಗೆ ಸಣ್ಣ ಅಕ್ಷರದಲ್ಲಿ ಯಾರು ಕೊಟ್ಟಿದ್ದು, ಯಾವ ವರ್ಷ ಅಂತ ಇರತ್ತೆ, ನಾನಂತೂ ಈಗೀಗ ಶಿಲ್ಪಕ್ಕಿಂತ ಮುಂಚೆ ಅದನ್ನೇ ಓದ್ತೀನಿ. ಕೆಟ್ಟ ಅಭ್ಯಾಸ ಅನ್ಸಿದ್ರೂ ಬಿಡೋ ಮನಸ್ಸಿಲ್ಲ.

ಆಮೇಲೆ ರಕೀಬ್ ಶಾ ಅವರ ಪ್ಯಾರಡೈಸ್ ಲಾಸ್ಟ್. ಕಲ್ಕತ್ತಾದಲ್ಲಿ ಹುಟ್ಟಿ, ಕಾಶ್ಮೀರದಲ್ಲಿ ಬೆಳೆದು, ಲಂಡನ್ನಲ್ಲಿ ಇರೋ ಕಲಾವಿದ. 21 ಫಲಕಗಳು, ಒಟ್ಟು ನೂರು ಅಡಿ ಉದ್ದ, ಒಂದು ಗೋಡೆ ಅಂತ ಅಂದ್ಕೊಂಡು ಹೋದ್ರೆ ಮುಗಿಯೋದೇ ಇಲ್ಲ. ಬ್ರಶ್ ಬದಲು ಮುಳ್ಳುಹಂದಿ ಮುಳ್ಳಲ್ಲಿ ಎನಾಮಲ್ ಪೇಂಟನ್ನ ಎಳೆ ಎಳೆಯಾಗಿ ಹರಿಸ್ತಾರೆ, ಪ್ರತಿ ಎಲೆಗೂ ಪ್ರತಿ ಗರಿಗೂ ಚಿನ್ನದ ಬಣ್ಣದ ಅಂಚು. ಮಂಜು, ಹೂವು, ಪ್ರಾಣಿ, ಬೆಂಕಿ, ಕಾಶ್ಮೀರ ಬಿಟ್ಟು ಬಂದ ನೋವು ಎಲ್ಲ ಅಲ್ಲಿದೆ. ಮೊದಲು ನನಗೆ ಸ್ವಲ್ಪ ಜಾಸ್ತಿನೇ ಆಯ್ತು, ಮದುವೆ ಛತ್ರದ ಅಲಂಕಾರ ಅನ್ನೋ ಮಾತು ಬಾಯಿಗೆ ಬಂದಿತ್ತು, ಇನ್ನೂ ಹತ್ತಿರ ಹೋದ್ಮೇಲೆ ನುಂಗ್ಕೊಂಡೆ. ಆ ಹೊಳಪಿನ ಒಳಗೆ ಹಲ್ಲು ಕಿರಿಯೋ ಮೃಗಗಳಿವೆ. ಎನಾಮಲ್ ಗಟ್ಟಿ ಪದಾರ್ಥ, ಈ ಬಣ್ಣಗಳಾದ್ರೂ ನಿಲ್ತಾವೇನೋ ಅಂತ ಯೋಚನೆ ಬಂತು, ಸೂರಾಗೂ ತನ್ನ ಹೊಸ ಹಳದಿ ಬಗ್ಗೆ ಹಾಗೇ ಅನ್ಸಿರ್ಬೇಕು.

ಸೋಮವಾರ

ಮಿಲೇನಿಯಂ ಪಾರ್ಕ್ ಕಡೆಯಿಂದ ನಿಕಲ್ಸ್ ಬ್ರಿಡ್ಜ್‌ವೇ ಹತ್ತಿದೆ, ರಸ್ತೆ ಮೇಲೆ ಹಾದು ಸೀದಾ ಮಾಡರ್ನ್ ವಿಂಗ್‌ನ ಮೂರನೇ ಮಹಡಿಗೆ ಬಿಡೋ ಕಾಲುಸೇತುವೆ. ಮಾಡರ್ನ್ ವಿಂಗ್ ರೆಂಜೋ ಪಿಯಾನೋ ಕಟ್ಟಿದ್ದು, 2009ರಲ್ಲಿ ತೆರೀತು, ಮೇಲೆ ತೇಲೋ ಥರ ಇರೋ ಬಿಳಿ ಚಾವಣಿ ಉತ್ತರದ ಮೆತ್ತನೆ ಬೆಳಕನ್ನ ಮಾತ್ರ ಒಳಗೆ ಬಿಡತ್ತೆ.

ಮೇಲೆ ಪಿಕಾಸೋನ ಓಲ್ಡ್ ಗಿಟಾರಿಸ್ಟ್, 1903-04, ಎಲ್ಲಾ ನೀಲಿ, ಮೂಳೆ ಚಕ್ಕಳದ ಕುರುಡ ಮುದುಕ ಗಿಟಾರ್ ಮೇಲೆ ಬಾಗಿದ್ದಾನೆ, ಗಿಟಾರ್ ಮಾತ್ರ ಕಂದು. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದ್ರೆ ಮುದುಕನ ಕತ್ತಿನ ಮೇಲೆ ಇನ್ನೊಂದು ಮುಖದ ನೆರಳು ಕಾಣತ್ತೆ, ಒಬ್ಬ ಹೆಂಗಸು. ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಸಿಕ್ಕಿದ್ದಾಳೆ, ದುಡ್ಡಿಲ್ಲದ ಹುಡುಗ ಹಳೇ ಕ್ಯಾನ್ವಾಸ್ ಮೇಲೆ ಹೊಸ ಚಿತ್ರ ಬರೆದಿದ್ದ. ಮೇಲಿನ ಬಣ್ಣ ವರ್ಷ ಕಳೆದ ಹಾಗೆ ತೆಳುವಾಗಿ ಅವಳು ಹೊರಗೆ ಬರ್ತಿದ್ದಾಳೆ. ಒಂದು ಕಡೆ ಬಣ್ಣ ಮಾಯ ಆಗತ್ತೆ, ಇನ್ನೊಂದು ಕಡೆ ಮಾಯ ಮಾಡಿದ್ದೇ ಎದ್ದು ಬರತ್ತೆ.

ಎಲಿಜಬೆತ್ ಕ್ಯಾಟ್ಲೆಟ್ ಪ್ರದರ್ಶನ ಆಗಸ್ಟ್ ಕೊನೇಲಿ ಶುರುವಾಗಿತ್ತು. ನನಗೆ ಈಕೆ ಹೆಸರು ಗೊತ್ತಿತ್ತು, ಕೆಲಸ ಗೊತ್ತಿರ್ಲಿಲ್ಲ. 1915ರಲ್ಲಿ ಹುಟ್ಟಿದ ಕಪ್ಪು ಅಮೆರಿಕನ್ ಕಲಾವಿದೆ, ಮೆಕ್ಸಿಕೋಗೆ ಹೋಗಿ ಅಲ್ಲಿನ ಜನಪರ ಅಚ್ಚುಕಲೆಯ ಕಾರ್ಯಾಗಾರ ಸೇರಿ, 1962ರಲ್ಲಿ ಅಲ್ಲಿನ ಪ್ರಜೆಯಾದ್ರು, ಅವರ ರಾಜಕೀಯ ಕಾರಣಕ್ಕೆ ಅಮೆರಿಕ ಬಹಳ ವರ್ಷ ವೀಸಾನೇ ಕೊಡ್ಲಿಲ್ಲ. ಶೇರ್‌ಕ್ರಾಪರ್ ಅನ್ನೋ ಲಿನೋಕಟ್, ಅಂದ್ರೆ ಲಿನೋಲಿಯಂ ಹಾಳೆ ಕೆತ್ತಿ ಒತ್ತಿದ ಅಚ್ಚು, ಹುಲ್ಲಿನ ಟೋಪಿ ಹಾಕಿದ ಗೇಣಿ ರೈತ ಹೆಂಗಸು, ಅಂಗಿ ಹರಿದಿದ್ದಕ್ಕೆ ಗುಂಡಿ ಬದಲು ಪಿನ್ನು. ಆ ಪಿನ್ನು ನೋಡಿ ನಿಂತ್ಬಿಟ್ಟೆ, ನಮ್ಮ ಅಜ್ಜಿ ಬಳೆಗೆ ಸದಾ ನಾಲ್ಕು ಪಿನ್ನು ಸಿಕ್ಕಿಸ್ಕೊಂಡಿರ್ತಿದ್ರು. ಮುಖವನ್ನ ಕೆಳಗಿನಿಂದ ಮೇಲಕ್ಕೆ ನೋಡೋ ಹಾಗೆ ಕೆತ್ತಿದ್ದಾರೆ, ಬಡವಿ ಅಂತ ಕನಿಕರ ಪಡೋಕೆ ಜಾಗವೇ ಬಿಟ್ಟಿಲ್ಲ. ಅಚ್ಚು ಮಾಡಿದ್ದು ಅಗ್ಗಕ್ಕೆ ಹಂಚೋಕೆ, ಸಾಮಾನ್ಯರ ಗೋಡೆಗೆ. ಈಗ ಮಂದ ಬೆಳಕಲ್ಲಿ ಗಾಜಿನ ಹಿಂದೆ ಇದೆ. ಕೊನೇಲಿ ಮರದ ಒಂದು ದೊಡ್ಡ ಶಿಲ್ಪ, ಒಂದು ಕಡೆಯಿಂದ ಎತ್ತಿದ ಮುಷ್ಟಿ, ಹಿಂದೆ ಹೋದ್ರೆ ಎರಡು ಮುಖ. ಎರಡೂ ಕಡೆ ಓಡಾಡ್ತಾ ಇದ್ರು ಜನ.

ಕಾಲು ನೋವು ಶುರುವಾಗಿತ್ತು, ಉಳಿದಿದ್ದನ್ನ ಬೇಗ ಹೇಳ್ತೀನಿ. ಜಾರ್ಜಿಯಾ ಓಕೀಫ್‌ನ ಸ್ಕೈ ಅಬೌವ್ ಕ್ಲೌಡ್ಸ್, 24 ಅಡಿ ಅಗಲ, ವಿಮಾನದಿಂದ ಕಂಡ ಮೋಡಗಳು. 1970-71ರ ಪ್ರದರ್ಶನಕ್ಕೆ ಬಂದಿದ್ದು ಮುಂದೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕಿತ್ತು, ಅಲ್ಲಿನ ಮ್ಯೂಸಿಯಂ ಬಾಗಿಲಲ್ಲಿ ತೂರೋದಿಲ್ಲ ಅಂತ ಇಲ್ಲೇ ಉಳೀತು. ಶಗಾಲ್‌ನ ಅಮೆರಿಕಾ ವಿಂಡೋಸ್, 1977, 36 ಗಾಜಿನ ಫಲಕ, ಎಲ್ಲಾ ನೀಲಿ, ಮುಂದೆ ಒಂದು ಬೆಂಚಿದೆ, ಕೂತ್ಕೊಳ್ಳಿ. ಹಳೇ ಸ್ಟಾಕ್ ಎಕ್ಸ್‌ಚೇಂಜಿನ ಟ್ರೇಡಿಂಗ್ ರೂಮ್, ವಾಸ್ತುಶಿಲ್ಪಿ ಲೂಯಿ ಸಲಿವನ್‌ದು. 1972ರಲ್ಲಿ ಆ ಕಟ್ಟಡ ಕೆಡವೋವಾಗ ಅದರ ಅಲಂಕಾರಗಳನ್ನ ಉಳಿಸೋಕೆ ಒಳಗೆ ಹೋದ ಫೋಟೋಗ್ರಾಫರ್ ರಿಚರ್ಡ್ ನಿಕಲ್ ಮೇಲೆ ಕಟ್ಟಡವೇ ಕುಸಿದು ತೀರ್ಕೊಂಡ್ರು. ಆ ರೂಮನ್ನ ಇಲ್ಲಿ ಮತ್ತೆ ಕಟ್ಟಿದ್ದಾರೆ, ಗೋಡೆ ತುಂಬ ಸ್ಟೆನ್ಸಿಲ್ ಚಿತ್ತಾರ, ಈಗ ಪಾರ್ಟಿಗಳಿಗೆ ಬಾಡಿಗೆಗೂ ಸಿಗತ್ತೆ. ಅದು ಸರಿಯೋ ತಪ್ಪೋ ನನಗೆ ಇನ್ನೂ ತೀರ್ಮಾನ ಆಗಿಲ್ಲ.

ಮಂಗಳವಾರ

ಮ್ಯೂಸಿಯಂ ಬಂದ್, ಸರಿ, ಬೀದಿ ಇದ್ಯಲ್ಲ. ಡೇಲಿ ಪ್ಲಾಜಾದ ಪಿಕಾಸೋ, 1967, 50 ಅಡಿ ಎತ್ತರ, 162 ಟನ್, ಹೆಂಗಸೋ ನಾಯಿಯೋ ಅಂತ ಆಗಿನಿಂದ ಜಗಳ. ಒಂದು ಲಕ್ಷ ಡಾಲರ್ ಕೊಡ್ತೀವಿ ಅಂದ್ರೆ ಪಿಕಾಸೋ ಬೇಡ ಅಂದು ಊರ ಜನಕ್ಕೆ ಉಡುಗೊರೆ ಕೊಟ್ಟನಂತೆ. ಮಾಡಿರೋದು ಕಾರ್‌ಟೆನ್ ಸ್ಟೀಲಲ್ಲಿ, ಅದರ ತುಕ್ಕೇ ಅದಕ್ಕೆ ರಕ್ಷೆ, ಮೇಲೆ ಒಂದು ಪದರ ತುಕ್ಕು ಹಿಡಿದು ಅಲ್ಲಿಗೆ ನಿಲ್ಲತ್ತೆ. ವಾರವೆಲ್ಲ ಬಣ್ಣ ಮಾಸೋ ಕಥೆ ಕೇಳಿ ಬಂದವಳಿಗೆ ಇದು ಭಾರೀ ಜಾಣ ಉಪಾಯ ಅನ್ನಿಸ್ತು, ಮಾಸೋದನ್ನೇ ಬಣ್ಣ ಅಂತ ಮೊದಲೇ ಒಪ್ಕೊಂಡುಬಿಡೋದು. ಫೆಡರಲ್ ಪ್ಲಾಜಾದ ಕಾಲ್ಡರ್ ಫ್ಲೆಮಿಂಗೋ ಇದಕ್ಕೆ ಉಲ್ಟಾ, ಉರಿಯೋ ಕೆಂಪು, 53 ಅಡಿ, ಬಿಸಿಲು ಮಳೆಗೆ ನಿಂತಿರೋದ್ರಿಂದ ಆಗಾಗ ಮತ್ತೆ ಬಣ್ಣ ಬಳೀಲೇಬೇಕು. ಸುತ್ತ ಕಪ್ಪು ಕಟ್ಟಡಗಳು, ಅದಕ್ಕೇ ಆ ಕೆಂಪು ಇನ್ನೂ ಜೋರು.

ಬೀನ್ ನೋಡಿದೆ. ಅನಿಶ್ ಕಪೂರ್, 168 ಸ್ಟೀಲ್ ತಗಡು, 110 ಟನ್, ಬೆಸುಗೆ ಗುರುತು ಹುಡುಕಿದ್ರೂ ಸಿಗಲ್ಲ. ಫೋಟೋ ತೆಗ್ಸ್ಕೊಂಡೆ, ಅತ್ತಿಗೆ ಕಳಿಸು ಅಂದಿದ್ರು.

ಬುಧವಾರ

ಕೊನೇ ದಿನ ಕಲ್ಚರಲ್ ಸೆಂಟರ್, ಮಿಶಿಗನ್ ಅವೆನ್ಯೂದಲ್ಲೇ, ಪ್ರವೇಶ ಫ್ರೀ. 1897ರಲ್ಲಿ ಊರಿನ ಲೈಬ್ರರಿಯಾಗಿ ಕಟ್ಟಿದ್ದು, ಒಳಗೆ 38 ಅಡಿ ಅಗಲದ ಟಿಫನಿ ಗುಮ್ಮಟ, ಕೆಳಗೆ ಯಾರೋ ಪಿಯಾನೋ ಪ್ರಾಕ್ಟೀಸ್ ಮಾಡ್ತಿದ್ರು. ಅಲ್ಲಿಂದ ಶಗಾಲ್‌ನ ಫೋರ್ ಸೀಸನ್ಸ್ ಕಡೆ ನಡೆದೆ, 70 ಅಡಿ ಉದ್ದದ ಮೊಸಾಯಿಕ್, 1974. ಗಾಜಿನ ಚೂರು, ಕಲ್ಲಿನ ಚೂರು, ಮಧ್ಯೆ ಇದೇ ಊರಿನ ಇಟ್ಟಿಗೆ ಚೂರುಗಳೂ ಇವೆ, ಶಗಾಲ್ ಇಲ್ಲಿಗೆ ಬಂದು ಬದಲಾದ ಊರು ನೋಡಿ ತನ್ನ ಚಿತ್ರವನ್ನೂ ಕೊನೇ ಗಳಿಗೇಲಿ ಬದಲಾಯಿಸಿದನಂತೆ. ಕೆಲವು ವರ್ಷ ಬಿಸಿಲು ಹಿಮಕ್ಕೆ ಸಿಕ್ಕಿ ಹಾಳಾಗೋಕೆ ಶುರುವಾದ್ಮೇಲೆ ಮೇಲೊಂದು ಗಾಜಿನ ಚಪ್ಪರ ಹಾಕಿದ್ದಾರೆ. ಆಫೀಸಿನವರು ಅದರ ಕಟ್ಟೆ ಮೇಲೆ ಕೂತು ಊಟ ಮಾಡ್ತಿದ್ರು, ಯಾರೂ ತಲೆ ಎತ್ತಿ ನೋಡ್ತಿರ್ಲಿಲ್ಲ, ನಾನೂ ಡಬ್ಬಿ ತೆಗೆದೆ.

ಟೆಕ್ಸ್‌ಟೈಲ್ ವಿಭಾಗ, ಆಫ್ರಿಕಾ ಗ್ಯಾಲರಿ, ಗ್ರೀಕ್ ರೋಮನ್ ಕಡೆ ಕಾಲೇ ಇಡ್ಲಿಲ್ಲ. ಮೆಂಬರ್‌ಶಿಪ್ ಒಂದು ವರ್ಷ ಚಾಲ್ತೀಲಿ ಇರತ್ತೆ, ಕಾರ್ಡ್ ಅತ್ತಿಗೆ ಹೆಸರಲ್ಲೇ ಮಾಡಿಸಿದ್ದಿದ್ರೆ ಅವರಾದ್ರೂ ಹೋಗ್ತಿದ್ರು ಅಂತ ಅಣ್ಣ ಲೆಕ್ಕ ಹೇಳ್ತಿದ್ದ, ಅತ್ತಿಗೆ ನಯಾಗರಾ ಟಿಕೆಟ್ ನೋಡ್ತಿದ್ರು.